ನೀಲಿ ರಿಬ್ಬನ್ನಿನ ಪುಟ

ಗುಬ್ಬಿ ಕುರ್ಚಿಯನ್ನು ತಲೆದಿಂಬಿನ ಪಕ್ಕಕ್ಕೆ ಎಳೆದುಕೊಂಡು ಕೂತಳು. ಆಸ್ಪತ್ರೆ ಹಾಸಿಗೆಯ ಅಂಚಿನಲ್ಲಿ ಕೂರಲಿಲ್ಲ. ಮಲಗಿದ್ದಲ್ಲಿಂದಲೇ ಟೀಚರ್ ಮನಸ್ಸಿನಲ್ಲಿ ಹತ್ತಕ್ಕೆ ಹತ್ತು ಹಾಕಿದರು. ಮೊಬೈಲ್ ಬಾಯಿ ಮುಚ್ಚಿಕೊಂಡು ಚೀಲ ಸೇರಿತು. ಅದಕ್ಕೂ ಹತ್ತು. ಆದರೆ ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಹೊಲಿಗೆ ಅಂಗಡಿಯಿಂದ ನೆಟ್ಟಗೆ ಓಡಿಬಂದಿದ್ದಾಳೆ. ಎರಡು ಅಂಕ ಕಟ್.

"ಯಾರ ಅಳತೆ ತಗೊಳ್ಳೋಕೆ ಬಂದ್ಯೇ?"

"ಅಯ್ಯೋ, ಮರ್ತೇಬಿಟ್ಟಿದ್ದೆ ಟೀಚರ್." ಗುಬ್ಬಿ ಟೇಪನ್ನು ಸುತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಎಂದಿನ ಚಿಲಿಪಿಲಿ ಇರಲಿಲ್ಲ.

ಆರು ವರ್ಷದವಳಿದ್ದಾಗ ಸಂಡೇ ಸ್ಕೂಲಿಗೆ ಬಂದವಳು. ಇಪ್ಪತ್ತು ತುಂಬಿದ ಮೇಲೆ ಟೀಚರ್ ಅವಳನ್ನು ಜೊತೆಗೆ ಹಾಕಿಕೊಂಡು ಆಸ್ಪತ್ರೆ ಸುತ್ತಿದ್ದರು. ಚರ್ಚ್ ಸಭೆಯ ಪರವಾಗಿ ರೋಗಿಗಳಿಗಾಗಿ ಪ್ರಾರ್ಥಿಸುವ ಕೆಲಸ ಮೂವತ್ತು ವರ್ಷದಿಂದ ಅವರದೇ. ತಮ್ಮ ನಂತರ ಯಾರಾದರೂ ಬೇಡವೇ? ನಾಲ್ಕು ವರ್ಷ ತಿದ್ದಿ ತೀಡಿ, ಹೋದ ವಾರ ತಾವೇ ಇಲ್ಲಿ ದಾಖಲಾಗುವಾಗ ತಮ್ಮ ಬೈಬಲ್ಲನ್ನು ಅವಳ ಕೈಗಿತ್ತಿದ್ದರು: "ನಾನು ಮನೆಗೆ ಬರೋವರೆಗೆ ನೀನೇ ನೋಡ್ಕೋ."

ಆ ಬೈಬಲ್ಲಿನಲ್ಲಿ ಎರಡು ರಿಬ್ಬನ್. ಕೋಣೆಗೆ ಕಾಲಿಡುವ ಮೊದಲು ನರ್ಸನ್ನು ಒಂದು ಮಾತು ವಿಚಾರಿಸಬೇಕು. ಗುಣವಾಗಿ ಮನೆಗೆ ಹೋಗುವವರಿಗೆ ಹಸಿರು ರಿಬ್ಬನ್ನಿನ ಪುಟ. ಇನ್ನು ಮನೆಗೆ ಹೋಗದವರಿಗೆ ನೀಲಿ. ಈ ಗುಟ್ಟು ಗೊತ್ತಿದ್ದದ್ದು ಇಬ್ಬರಿಗೇ. ಟೀಚರ್ ಅದರ ಜೊತೆ ಎರಡು ನಿಯಮಗಳನ್ನೂ ಕಲಿಸಿದ್ದರು. ಪುಟ ಅದಲುಬದಲು ಮಾಡಕೂಡದು, ಅದು ದೇವರೆದುರು ಸುಳ್ಳು ಹೇಳಿದ ಹಾಗೆ. ಆಮೆನ್ ಆದ ಮೇಲೆ ಕೂರಕೂಡದು, ಕೂತರೆ ಪ್ರಶ್ನೆ ಕೇಳುತ್ತಾರೆ.

ಗುಬ್ಬಿ ಬೈಬಲ್ ತೊಡೆಯ ಮೇಲಿಟ್ಟುಕೊಂಡಳು. ಬೆರಳು ಹಸಿರು ರಿಬ್ಬನ್ನನ್ನು ಮುಟ್ಟಿತು. ಅಲ್ಲೇ ಸ್ವಲ್ಪ ಹೊತ್ತು ಇತ್ತು. ಆಮೇಲೆ ಅದನ್ನು ಬಿಟ್ಟು ನೀಲಿಯನ್ನು ಎಳೆಯಿತು.

ಟೀಚರ್‌ಗೆ ಮೊದಲು ನಗು ಬಂತು. "ನಿಂಗೂ ಕನ್ನಡಕ ಬೇಕೇನೆ? ಹಸಿರು ಆ ಕಡೆ ಇದೆ."

"ಗೊತ್ತು ಟೀಚರ್."

"ಸಣ್ಣ ಗಡ್ಡೆ ಕಣೇ. ತೆಗೆದಾಯ್ತು. ಗುರುವಾರ ಮನೆಗೆ ಅಂತ ನನ್ನ ತಮ್ಮ ಹೇಳಿದ್ದಾನೆ."

ಗುಬ್ಬಿ ನೀಲಿ ರಿಬ್ಬನ್ನಿನ ಪುಟ ಬಿಡಿಸಿದಳು.

"ನರ್ಸನ್ನ ಕೇಳಿದ್ಯಾ?"

"ಕೇಳಿದೆ."

"ನಾಲ್ಕನೇ ಕೋಣೆ ಅಂತ ಸರಿಯಾಗಿ ಹೇಳಿದ್ಯಾ?"

"ಎರಡು ಸಲ ಕೇಳಿದೆ ಟೀಚರ್. ನಿಮಗೂ ಹೇಳಿರ್ತಾರೆ ಅಂದ್ಕೊಂಡೆ. ಹೇಳಿಲ್ಲ ಅಂತ ನಿಮ್ಮ ಮುಖ ನೋಡಿದ ಮೇಲೇ ಗೊತ್ತಾಗಿದ್ದು." ಅವಳ ದನಿ ಒಡೆಯಿತು. "ಹಸಿರು ತೆಗೆಯೋಣ ಅಂತಲೇ ಇದ್ದೆ. ನಿಮ್ಮೆದುರಿಗೆ ಕೈ ಬರ್ಲಿಲ್ಲ."

ತಮ್ಮನು ಗುರುವಾರ ಎನ್ನುವಾಗ ಕಿಟಕಿಯ ಕಡೆ ತಿರುಗಿದ್ದು, ಡಾಕ್ಟರು ನಾಡಿ ಹಿಡಿದವರು ಹಾಗೇ ಕೈ ಸವರಿ ಹೋಗಿದ್ದು, ಎಲ್ಲ ಒಂದರ ಹಿಂದೊಂದು ಟೀಚರ್ ಕಣ್ಣೆದುರು ಬಂದು ನಿಂತವು. ಕೇಳಬೇಕೆಂದು ಬಾಯಿ ತೆರೆದರು. ಗುಬ್ಬಿ ಓದಲು ಶುರುಮಾಡಿಬಿಟ್ಟಿದ್ದಳು. ಅದೇ ನಿಧಾನ, ಅದೇ ಜಾಗದಲ್ಲಿ ಉಸಿರು, ಕಲಿಸಿದ್ದು ಕಲಿಸಿದ ಹಾಗೇ. ಎಷ್ಟೋ ಜನರಿಗೆ ಓದಿಹೇಳಿದ ಆ ಪುಟವನ್ನು ಟೀಚರ್ ಮಲಗಿ ಕೇಳಿದ್ದು ಇದೇ ಮೊದಲು. ಮಾತೆಲ್ಲ ಸೊಗಸಾಗಿತ್ತು. ಒಂದೂ ಒಳಗೆ ಇಳಿಯಲಿಲ್ಲ. ಪ್ರಾರ್ಥನೆ ಮುಗಿಯಿತು.

"ಆಮೆನ್" ಎಂದಳು ಗುಬ್ಬಿ. ಚೀಲದ ಜಿಪ್ ಎಳೆದಳು. ಎದ್ದಳು.

"ಎಲ್ಲಿಗೇ?"

"ಆಮೆನ್ ಆದ್ಮೇಲೆ ಕೂರಬಾರ್ದು ಅಂತ... ನೀವೇ ಅಲ್ವಾ ಟೀಚರ್..." ಗುಬ್ಬಿಯ ಕಣ್ಣಿಂದ ದಳದಳ ನೀರು ಸುರಿಯುತ್ತಿತ್ತು. ಆದರೂ ಕಾಲು ಮಾತ್ರ ಬಾಗಿಲ ಕಡೆಗೇ ತಿರುಗಿತ್ತು.

ಟೀಚರ್ ತುಟಿ ಒದ್ದೆ ಮಾಡಿಕೊಂಡರು. "ನಾನು ಎದ್ದು ಹೊರಟ ಮೇಲೆ ಅವರೆಲ್ಲ ಏನ್ ಮಾಡ್ತಿದ್ರು ಗುಬ್ಬಿ? ನಾನು ಒಂದು ದಿನವೂ ತಿರುಗಿ ನೋಡ್ಲಿಲ್ಲ. ನೀನು ನನ್ನ ಹಿಂದೆ ಬರ್ತಿದ್ದೆ."

ಗುಬ್ಬಿ ಟೇಪಿನ ಸುರುಳಿಯನ್ನು ಹಿಂಡುತ್ತ ನಿಂತಳು. ಹೇಳಲೋ ಬೇಡವೋ ಎಂದು ತಡೆದಳು. ಈ ಕೋಣೆಯಲ್ಲಿ ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ.

"ಬಾಗಿಲನ್ನೇ ನೋಡ್ತಿದ್ರು ಟೀಚರ್. ಎಲ್ರೂ."

ಟೀಚರ್ ಕಣ್ಣು ಆಗಲೇ ಗುಬ್ಬಿಯ ಭುಜ ದಾಟಿ ಬಾಗಿಲಲ್ಲಿ ನೆಟ್ಟಿತ್ತು.

ಗುಬ್ಬಿ ನಾಲ್ಕು ಹೆಜ್ಜೆ ನಡೆದು ಬಾಗಿಲು ಮುಚ್ಚಿದಳು. ಒಳಗಿನಿಂದ.