ಮಿಕ್ಕ ಎರಡೂಮುಕ್ಕಾಲು ಗಂಟೆ

"ತಗೋ ಕಣಪ್ಪ, ಇನ್ನೂ ಎರಡೂಮುಕ್ಕಾಲು ಗಂಟೆ ಇದೆ. ಸುಮ್ನೆ ಯಾಕೆ ದುಡ್ಡು ಹಾಕ್ತೀಯ?" ಎಂದು ಮುದುಕಿ ತನ್ನ ಪಾರ್ಕಿಂಗ್ ಚೀಟಿಯನ್ನು ಕೌನ್ಸಿಲರ್ ಪಿಕಾರ್ಡನ ಮೂಗಿನ ಮುಂದೆ ಹಿಡಿದಳು. ಹೊರಡುವವರು ಮಿಕ್ಕ ಹೊತ್ತನ್ನು ಬರುವವರಿಗೆ ಕೊಟ್ಟು ಹೋಗುವುದು ಹಾಲ್ಬಿ ಊರಿನಲ್ಲಿ ಹಳೆಯ ರೂಢಿ. ಅದನ್ನು ನಿಲ್ಲಿಸಲೆಂದೇ ಚೀಟಿಯ ಮೇಲೆ ಕಾರಿನ ನಂಬರು ಅಚ್ಚಾಗುವಂತೆ ಮಾಡಿದ್ದು ಪಿಕಾರ್ಡನೇ. ನಗರಸಭೆಯಲ್ಲಿ ಹಟ ಹಿಡಿದು ಗೆದ್ದಿದ್ದ.

ಹೋದ ವಾರವೇ ವ್ಯಾಪಾರ ಶುರುಮಾಡಿದ್ದ ಹೊಸ ಶಾಪಿಂಗ್ ಸೆಂಟರಿನಲ್ಲಿ ಮೇಯರ್ ರಿಬ್ಬನ್ ಕತ್ತರಿಸಲು ಇನ್ನು ಹತ್ತೇ ನಿಮಿಷವಿತ್ತು. ಪಾರ್ಕಿಂಗ್ ಯಂತ್ರ ಎರಡು ಸಲ ಪಿಕಾರ್ಡನ ಕಾರ್ಡನ್ನು ಉಗುಳಿತ್ತು. ಸಮಾರಂಭಕ್ಕೆಂದು ಬರೆದು ಜೇಬಿನಲ್ಲಿಟ್ಟಿದ್ದ ಭಾಷಣದ ಹಾಳೆಯನ್ನು ಮತ್ತೆ ಮತ್ತೆ ಮುಟ್ಟಿಕೊಳ್ಳುತ್ತ, "ಇದು ನಡೆಯಲ್ಲಮ್ಮ. ಇದರಲ್ಲಿ ನಿಮ್ಮ ಕಾರಿನ ನಂಬರಿದೆ," ಎಂದ.

"ಹೌದಾ? ಯಾವ ಜಿಪುಣನ ತಲೆಗೆ ಹೊಳೀತೋ ಇದು!"

ಅವನು ಮಾತು ಬದಲಿಸಿದ. "ಮೂರು ಗಂಟೆಯ ದುಡ್ಡು ಕಟ್ಟಿ, ಕಾಲು ಗಂಟೆಯಲ್ಲೇ ಹೊರಟ್ರಲ್ಲ?"

"ಒಳಗೆ ಹೋಗಿ ಬಂದೆ. ಮೊದಲು ಇಲ್ಲಿದ್ದ ಗುಂಡಿ, ದಾರದ ಅಂಗಡಿ ಇಲ್ಲ. ಟೀ ಕುಡೀತಿದ್ದ ಮೂಲೆ ಇಲ್ಲ. ಕೂರೋಣ ಅಂದ್ರೆ ಒಂದು ಬೆಂಚೂ ಇಲ್ಲ. ಮೂರು ಗಂಟೆ ನಿಂತ್ಕೊಂಡೇ ಇರ್ಲಾ?" ಅವಳು ಚೀಟಿಯನ್ನು ಅವನ ಅಂಗೈಗೆ ಒತ್ತಿದಳು. "ಇಟ್ಕೋ. ನಂಬರು ಯಾರು ನೋಡ್ತಾರೆ?"

ದಂಡ ಹಾಕುವವನು ಸಾಲಿನ ಆ ತುದಿಯಿಂದ ಒಂದೊಂದೇ ನಂಬರು ನೋಡುತ್ತ ಬರುತ್ತಿದ್ದ. ಪಿಕಾರ್ಡ್ ಚೀಟಿಯನ್ನು ಕಾರಿನ ಮುಂಗಾಜಿನೊಳಗೆ ಇಟ್ಟ. 'ಇನ್ನು ಜನ ಇಲ್ಲಿ ಅರ್ಧ ದಿನ ಕಳೆಯುತ್ತಾರೆ' ಎಂದು ಶುರುವಾಗುವ ಭಾಷಣವನ್ನೂ ಅದರ ಪಕ್ಕದಲ್ಲೇ ಬಿಟ್ಟು, ಬಾಗಿಲು ಹಾಕಿ ನಡೆದ.