ಕುಳಿತ ಕೂಸು

ಹಾಳೆಗಳ ಕಟ್ಟನ್ನು ಹೆಬ್ಬೆರಳಿನಿಂದ ಸರಸರನೆ ಬಿಟ್ಟು ನೋಡುತ್ತಿದ್ದ ಮೇಲ್ವಿಚಾರಕ ಅಂಬಣ್ಣನ ಕೈ ಥಟ್ಟನೆ ನಿಂತಿತು. ಚಿತ್ರದಲ್ಲಿ ಬಿಳಿಯ ತಂದೆಯೊಬ್ಬ ಸತ್ತ ಮಗಳನ್ನು ಕುಣಿಗೆ ಇಳಿಸುತ್ತಿದ್ದ. ಕುಣಿ ಉದ್ದವಾಗಿರಲಿಲ್ಲ, ಚೌಕವಾಗಿ, ಆಳವಾಗಿತ್ತು. ಮಗು ಅದರೊಳಗೆ ಪದ್ಮಾಸನ ಹಾಕಿ, ಕಣ್ಣು ಮುಚ್ಚಿ, ನೆಟ್ಟಗೆ ಕುಳಿತಿತ್ತು.

“ಈ ಗೋರಾ ಮಂದಿ ಯಾವತ್ತ ಲಿಂಗಾ ಕಟ್ಟಿಕೊಂಡ್ರೋ ತಮ್ಮಾ?” ಎಂದು ನಕ್ಕವನು, ಎದುರಿಗಿದ್ದವನ ಮುಖ ಕಂಡು ನಾಲಿಗೆ ಕಚ್ಚಿಕೊಂಡ.

ಶಿವಪ್ರಕಾಶ ಬ್ಲೇಡಿನಿಂದ ಪೆನ್ಸಿಲ್ ಕೆತ್ತುತ್ತಿದ್ದ. ಮರಾಠಿ ನಾಡಿನ ಶಿವಾಜಿನಗರದ ಆ ಕಾರ್ಟೂನ್ ಸ್ಟುಡಿಯೋಗೆ ಕಥೆಯನ್ನೂ ಮುಖಗಳನ್ನೂ ಪರದೇಶದ ಕಂಪನಿ ಕಳುಹಿಸುತ್ತಿತ್ತು. ಅವುಗಳಿಗೆ ಚಲನೆ ಕೊಡುವ ಸಾವಿರಾರು ಹಾಳೆಗಳನ್ನು ಬಿಡಿಸುವುದು ಇವರ ಪಾಲಿನ ಕೆಲಸ. ಮಕ್ಕಳ ಧಾರಾವಾಹಿ. ಒಂದು ಕುಟುಂಬ ಹುಟ್ಟಿದ ನೆಲ ಬಿಟ್ಟು, ಕಡಲು ದಾಟಿ, ಕಾಡು ಕಡಿದು ಮನೆ ಕಟ್ಟುತ್ತದೆ. ಹದಿನೇಳನೆಯ ಕಂತಿನಲ್ಲಿ ಅವರ ಕಿರಿಯ ಮಗಳು ಜ್ವರದಿಂದ ತೀರಿಕೊಳ್ಳುತ್ತಾಳೆ. ಶಿವಪ್ರಕಾಶನ ಆರು ವರ್ಷದ ಮಗಳು ರೇಣು ತೀರಿಕೊಂಡು ಹದಿನೆಂಟು ದಿನವಾಗಿತ್ತು. ಆ ದೃಶ್ಯವನ್ನು ಅವನೇ ಕೇಳಿ ಪಡೆದಿದ್ದ.

“ಅವರು ಬರದು ಕಳಿಸಿದ್ದು ಓದಿಲ್ಲೇನು? ಮಲಗಸ್ತಾನ ಅಂತ ಸಾಫ್ ಅದ.”

“ಓದೀನ್ರಿ ಅಣ್ಣಾರ.”

“ಮತ್ತ? ಸಂಜೀಕ ಐದಕ್ಕ ಕೊರಿಯರ್‌ನವ ಬರ್ತಾನ. ಇದು ಹಿಂಗ ಹೋತಂದ್ರ ಕೆಲಸ ನಿಂದೂ ಇಲ್ಲ, ನಂದೂ ಇಲ್ಲ.”

“ಸತ್ತವರನ್ನ ಮಲಗಸಬಾರದ್ರಿ.”

“ನಿಮ್ಮಾಗ ಮಲಗಸೂದಿಲ್ಲಪಾ, ಅವರಾಗ ಮಲಗಸ್ತಾರ. ರೇಣೂನ್ನ ಕೂಡಿಸಿ ಬಂದೀಯಲ್ಲ, ಈ ಚಿತ್ರದ ಕೂಸಿನ ಮ್ಯಾಲ ಯಾಕ ಹಟಾ?”

ಬ್ಲೇಡು ನಿಂತಿತು. “ಕೂಡಿಸಿಲ್ರಿ,” ಎಂದ ಶಿವಪ್ರಕಾಶ.

ದೇಹ ಬಿಟ್ಟವರು ಮಲಗುವುದಿಲ್ಲ, ಶಿವಯೋಗಕ್ಕೆ ಕೂಡುತ್ತಾರೆ ಎಂಬುದು ಅವನ ಮನೆತನದ ನಂಬುಗೆ. ಆದರೆ ರೇಣು ತೀರಿದ ದಿನ ಊರಿನಿಂದ ಹೊರಟ ಅವನ ತಂದೆಯೂ ಜಂಗಮರೂ ಘಟ್ಟದಲ್ಲಿ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡಿದ್ದರು. ಸ್ಮಶಾನದ ಆಳುಗಳು ತಮಗೆ ತಿಳಿದಂತೆ ಉದ್ದನೆಯ ಕುಣಿ ತೋಡಿಟ್ಟಿದ್ದರು. ಕೂಡಿಸಬೇಕೆಂದು ಶಿವಪ್ರಕಾಶ ಆಗಷ್ಟೇ ಕಲಿತ ಮರಾಠಿಯಲ್ಲಿ ತೊದಲಿ, ಸಾಲದ್ದಕ್ಕೆ ನೆಲದ ಮೇಲೆ ತಾನೇ ಕುಳಿತು ತೋರಿಸಿದ. ಕೆಳಗೆ ಬಂಡೆ, ಇನ್ನು ಆಳ ಹೋಗದು ಎಂದರು. ಹಿಂದೆ ಮತ್ತೊಂದು ಶವ ಕಾಯುತ್ತಿತ್ತು. ಆಳುಗಳಲ್ಲೊಬ್ಬ ಕೈ ಚಾಚಿದ, ಇವನು ಮಗಳನ್ನು ಕೊಟ್ಟುಬಿಟ್ಟ. ಅಂಗೈಯಲ್ಲಿ ಲಿಂಗವಿರಿಸಿ ಕೂಡಿಸಬೇಕಾದ ಮಗಳನ್ನು, ಧರ್ಮಶಾಲೆಯ ಜಗಲಿಯಲ್ಲಿ ದಾರಿಹೋಕರು ಮಲಗಿದಂತೆ ಮಲಗಿಸಿ, ಮಣ್ಣೆಳೆದರು. ಮನೆಗೆ ಮರಳಿದಾಗ ಹೆಂಡತಿ ಮಾಧುರಿ ಕೇಳಿದ್ದು ಒಂದೇ ಮಾತು: “ಛಲೋತ್ನಾಗ ಕೂಡಿಸಿದ್ರಿಲ್ಲೋ?” ಅವನು “ಹೂಂ” ಎಂದಿದ್ದ.

“ಒಂದು ಕೂಸರ ಕೂಡಲಿ ಅಂತ ಹಿಂಗ ಬರದೇನ್ರಿ,” ಎಂದ ಈಗ.

ಅಂಬಣ್ಣ ಹಾಳೆಗಳ ಅಂಚು ಸರಿಪಡಿಸಿ, ಗೋಡೆಯತ್ತ ನೋಡಿದ. ಗಡಿಯಾರ ಹನ್ನೊಂದು ದಾಟಿತ್ತು. ಮೆಲ್ಲಗೆ ಅಂದ: “ನೀ ಮನಿಗೆ ಹೋಗು ತಮ್ಮಾ. ಆ ಮೂಲ್ಯಾಗಿನ ಕೇತಕಿ ಕೈಯಾಗ ಕೊಡ್ತೀನಿ, ಆಕಿ ತಿದ್ದತಾಳ.”

“ಬ್ಯಾಡ್ರಿ.” ಶಿವಪ್ರಕಾಶ ಕಟ್ಟನ್ನು ಅವನ ಕೈಯಿಂದ ಬಿಡಿಸಿಕೊಂಡ. “ಒಮ್ಮೆ ಮಂದಿ ಕೈಯಾಗ ಕೊಟ್ಟೇನಿ, ಸಾಕು. ಈ ಸಲ ನಾನ ಮಲಗಸ್ತೀನಿ.”

ಹೊಸ ಹಾಳೆ ತೆಗೆದು ಉದ್ದನೆಯ ಕುಣಿಯ ಅಂಚನ್ನು ಎಳೆದ. ಅಳತೆಯನ್ನು ಅವನು ಯಾರನ್ನೂ ಕೇಳಲಿಲ್ಲ.