ಶೇಂಗಾ ಉಂಡಿಯ ಡಬ್ಬಿ

ಕೆಳಗಿನ ಮನೆಯ ನಿಂಗಣ್ಣನ ಅಂಗಿಯ ಕಾಲರು ಬಿಟ್ಟು ಮೇಲೆ ಬಂದ ಹಾಜಿಮಲಂಗನಿಗೆ ಅಡುಗೆಮನೆಯಲ್ಲಿ ಕಂಡದ್ದು ಸ್ಟೀಲಿನ ಡಬ್ಬಿ. ಹೆಂಡತಿ ರಶೀದಾ ಅದರೊಳಗೆ ಶೇಂಗಾ ಉಂಡಿ ಜೋಡಿಸುತ್ತಿದ್ದಳು. ರಜೆ ಮುಗಿಸಿ ಆಂಟಾಪ್ ಹಿಲ್‌ನ ಈ ಮನೆಯಿಂದ ಗಡಿಗೆ ಹೊರಟಾಗಲೆಲ್ಲ ಅವನ ಟ್ರಂಕಿನಲ್ಲಿ ಇಂಥದೊಂದು ಡಬ್ಬಿ ಇದ್ದೇ ಇರುತ್ತಿತ್ತು.

“ನೀನೂ ನನ್ನ ಕಳಸಾಕ ನಿಂತಿ ಏನು?”

ರಶೀದಾ ಕೈಯಲ್ಲಿದ್ದ ಉಂಡಿ ನೋಡಿದಳು, ಗಂಡನನ್ನು ನೋಡಿದಳು. “ಯಾ ಅಲ್ಲಾ! ಬಂದು ಎರಡು ತಿಂಗಳಾತಲ್ರೀ, ರಜಾ ಮುಗಿಯೋ ಹೊತ್ತು. ನೀವು ರಿಟೈರ್ ಆಗಿದ್ದು ನನಗ ಗೊತ್ತೈತಿ, ಈ ಕೈಗೆ ಗೊತ್ತಿಲ್ಲ.”

ಅವನು ಧೊಪ್ಪನೆ ಕುಳಿತ. ಮೆಟ್ಟಿಲ ಬಳಿ ನಿಂಗಣ್ಣ ಕೇಳಿದ್ದೂ ಇದನ್ನೇ: “ಹವಾಲ್ದಾರ್ರ, ಮತ್ತ ಯಾವಾಗ ಹೊಂಟ್ರಿ?” ಪ್ರತಿ ರಜೆಯಲ್ಲೂ ಕೇಳುತ್ತಿದ್ದ ಹಾಗೆ, ನಗುತ್ತಲೇ. ಅಷ್ಟಕ್ಕೇ ಹಾಜಿಮಲಂಗ ಅವನ ಕಾಲರಿಗೆ ಕೈಹಾಕಿದ್ದ. ಯುದ್ಧ ಮಾಡಿ ಬಂದ ಕೈ. ಬಿಡಿಸುವಷ್ಟರಲ್ಲಿ ನೆರೆಹೊರೆಯವರಿಗೆ ಸಾಕುಸಾಕಾಯಿತು. ಇನ್ನೊಮ್ಮೆ ಹೀಗಾದರೆ ಪೊಲೀಸರನ್ನು ಕರೆಸುತ್ತೇವೆ ಎಂದರು. ಅನ್ನದೆ ಇನ್ನೇನು ಮಾಡುತ್ತಾರೆ ಪಾಪ!

“ಎಲ್ಲಿಯಾದ್ರೂ ದೂರ ಸೆಕ್ಯೂರಿಟಿ ಕೆಲಸ ಹಿಡೀತೀನಿ,” ಎಂದ. “ನಾ ಇಲ್ಲದ್ದು ನಿಮಗೆಲ್ಲಾ ರೂಢಿ ಆಗೇತಿ. ನನಗ ಹೆದರಿಕಿ ಆಗತೈತಿ, ರಶೀದಾ. ನಾಳೆ ಯಾರನ್ನರ ಹೊಡದಬಿಟ್ರ?”

ಹೆದರಿಕೆ ಎಂಬ ಮಾತನ್ನು ಅವನ ಬಾಯಲ್ಲಿ ಅವಳು ಕೇಳಿದ್ದು ಇದೇ ಮೊದಲು. ಡಬ್ಬಿ ಮುಚ್ಚಿ ಅವನ ಕೈಗಿಟ್ಟಳು.

“ಹೋಗ್ರಿ. ಆದ್ರ ಕೆಳಗಿನ ಮನಿತನಕ ಅಷ್ಟ. ನಿಂಗಣ್ಣಗ ತಪ್ಪಾತು ಅನ್ರಿ. ಡಬ್ಬಿ ಮಾತ್ರ ವಾಪಸ್ ತರ್ರಿ. ನೀವು ಒಯ್ದ ಡಬ್ಬಿ ಒಂದೂ ಈ ಮನಿಗೆ ತಿರುಗಿ ಬಂದಿಲ್ಲ.”

ಬಹಳ ಹೊತ್ತಿನ ಮೇಲೆ ಅವನು ಬರಿಗೈಯಲ್ಲಿ ಬಂದ. ಮುಖದ ಬಿಗಿ ಸಡಿಲಾಗಿತ್ತು.

“ತಪ್ಪಾತು ಅಂದೆ. ನಿಂಗಣ್ಣ ಮೊದಲು ಮಾರಿ ತಿರುವಿದ. ಆಮ್ಯಾಲ ಚಹಾ ಕುಡಿಸಿದ.”

“ಡಬ್ಬಿ?”

“ಅವನ ಹೆಂಡ್ತಿ ಕೊಡಲಿಲ್ಲ. ಖಾಲಿ ಡಬ್ಬಿ ಕೊಡಬಾರದಂತ. ನಾಳೆ ಚಕ್ಕಲಿ ಮಾಡಿ ತುಂಬಿ ಕೊಡತಾಳಂತ.”

ರಶೀದಾಳಿಗೆ ನಗು ತಡೆಯಲಾಗಲಿಲ್ಲ. “ಹಂಗಾರ ನಾಳೆತನಕಾ ನೀವು ಎಲ್ಲೂ ಹೋಗಂಗಿಲ್ಲ.”

“ನಾಡಿದ್ದು?”

“ನಾಡಿದ್ದು ಮತ್ತ ನಾವು ಉಂಡಿ ಕೊಡೋದು.”

ಹಾಜಿಮಲಂಗ ಮೊರ ಎಳೆದುಕೊಂಡು, ಕಾಲು ಚಾಚಿ, ಶೇಂಗಾ ಸುಲಿಯಲು ಕುಳಿತ.